ದುಡ್ಡಿನ ಚಿಂತೆ ಬಿಡಿ, ತಿದ್ದುವವರು ಎಲ್ಲಿದ್ದಾರೆ?

ಪ್ರಶ್ನೆ: ವಿಕಿಪೀಡಿಯ ಆಗಾಗ ದೇಣಿಗೆ ಕೇಳುತ್ತದೆ. ಅದರ ಬದಲು ನಮ್ಮಂಥವರ ಜಾಹೀರಾತು ಹಾಕಿದರೆ ಏನು ತಪ್ಪು? ಆ ಹಣದಲ್ಲಿ ಕನ್ನಡ ಪುಟಗಳನ್ನೂ ಬರೆಸಬಹುದಲ್ಲ?
— ಕೋಚಿಂಗ್ ಸೆಂಟರ್ ನಡೆಸುವವರು, ಧಾರವಾಡ

ಉತ್ತರ: ನಮ್ಮ ಪ್ರತಿ ವಿಕಿಪೀಡಿಯ ಕಾರ್ಯಾಗಾರದಲ್ಲೂ ಒಬ್ಬರು ಎದ್ದು ಇದನ್ನೇ ಕೇಳುತ್ತಾರೆ, ತಮಗೇ ಮೊದಲು ಹೊಳೆದ ಹಾಗೆ. ಈ ಜಗಳ 2002ರಲ್ಲೇ ಆಗಿದೆ. ಮುಂದೆ ಜಾಹೀರಾತು ಬರಬಹುದು ಎಂದು ವಿಕಿಪೀಡಿಯದ ಸಹಸ್ಥಾಪಕ ಲ್ಯಾರಿ ಸ್ಯಾಂಗರ್ ಬರೆದದ್ದೇ ತಡ, ಸ್ಪ್ಯಾನಿಷ್ ವಿಕಿಪೀಡಿಯಕ್ಕೆ ಪುಕ್ಕಟೆ ಬರೆಯುತ್ತಿದ್ದ ಹೆಚ್ಚಿನವರು ಎದ್ದು ಹೋದರು. ಲೇಖನಗಳನ್ನೂ ಜೊತೆಗೆ ಒಯ್ದು, ಸ್ಪೇನಿನ ಸೆವಿಲ್ಲೆ ವಿಶ್ವವಿದ್ಯಾಲಯದ ಆಸರೆಯಲ್ಲಿ ಬೇರೆ ವಿಶ್ವಕೋಶ ಕಟ್ಟಿದರು. ಲೇಖನಗಳನ್ನು ಯಾರು ಬೇಕಾದರೂ ನಕಲಿಸಿ ಬಳಸಲು ಪರವಾನಗಿಯೇ ಬಿಡುತ್ತದೆ, ಹಾಗಾಗಿ ತಡೆಯುವವರಿಲ್ಲ. ನೆನಪಿಡಿ, ಅಷ್ಟರಲ್ಲಿ ಒಂದೂ ಜಾಹೀರಾತು ಬಂದಿರಲಿಲ್ಲ! ಅದೇ ವರ್ಷ ವಿಕಿಪೀಡಿಯದ ವಿಳಾಸ ವ್ಯಾಪಾರಿ ತಾಣಗಳ ಡಾಟ್ ಕಾಮ್‌ನಿಂದ ಲಾಭಕ್ಕಲ್ಲದ ಸಂಸ್ಥೆಗಳ ಡಾಟ್ ಆರ್ಗ್ ಆಯಿತು. 2003ರಲ್ಲಿ ಅದನ್ನು ನಡೆಸುವ ಲಾಭರಹಿತ ಸಂಸ್ಥೆ ವಿಕಿಮೀಡಿಯ ಫೌಂಡೇಶನ್ ಹುಟ್ಟಿತು.

ಎದ್ದು ಹೋದ ಆ ಸ್ಪ್ಯಾನಿಷ್ ಬರಹಗಾರರ ಸಿಟ್ಟು ನನಗೆ ಅರ್ಥವಾಗುತ್ತದೆ. ರಾತ್ರಿ ಕೂತು ಪುಕ್ಕಟೆ ಬರೆಯುವುದು ನಿಮ್ಮ ಅಡ್ಮಿಶನ್ ಜಾಸ್ತಿ ಮಾಡಲಿಕ್ಕಲ್ಲ. ಬ್ಯಾಡಗಿ ಮೆಣಸಿನಕಾಯಿ ಪುಟಕ್ಕೆ ಯಾವುದೋ ಮಸಾಲೆ ಕಂಪನಿ ದುಡ್ಡು ಕೊಟ್ಟೀತು. ಲಕ್ಕುಂಡಿಯ ಬಸದಿಯ ಪುಟಕ್ಕೆ ಯಾರು ಕೊಡುತ್ತಾರೆ? ಇನ್ನು ಖಾರದ ಪುಡಿಗೆ ಬಣ್ಣ ಬೆರೆಸುವ ವಿಚಾರವನ್ನು ನಾನು ಅದೇ ಪುಟದಲ್ಲಿ ಸೇರಿಸಿದರೆ, ಕಂಪನಿಯವರು ಸುಮ್ನೆ ಇರುತ್ತಾರಾ?

ದುಡ್ಡು ಕೊಟ್ಟು ಬರೆಸುವುದನ್ನೂ ನೋಡಿಯಾಗಿದೆ. 2010ರ ಹೊತ್ತಿಗೆ ಗೂಗಲ್ ಅನುವಾದಕರನ್ನು ಹಿಡಿದು ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗಿಗೆಲ್ಲ ಮಾಡಿಸಿತು. ಉದ್ದುದ್ದ ಪುಟಗಳೇನೋ ಬಂದವು. ಎಷ್ಟೋ ಕಡೆ ಕನ್ನಡ ಓದಿದರೆ ಇಂಗ್ಲಿಷ್ ಮೂಲ ನೋಡದೆ ಅರ್ಥವೇ ಆಗದು. ಬರೆದವರು ಕೆಲಸ ಮುಗಿಸಿ ಹೋದರು, ತಿದ್ದುವ ಭಾರ ನಮ್ಮ ತಲೆಗೆ ಬಂತು. ಕನ್ನಡಕ್ಕೆ ಕೊರತೆ ಇರುವುದು ಹಣದ್ದಲ್ಲ, ವಾರಕ್ಕೊಮ್ಮೆಯಾದರೂ ಬಂದು ತಪ್ಪು ತಿದ್ದುವ ಜನರದ್ದು. ನಿಮ್ಮ ವಿದ್ಯಾರ್ಥಿಗಳಿಂದ ಅಷ್ಟು ಮಾಡಿಸಿ. ಜಾಹೀರಾತಿನ ಬ್ಯಾನರ್ ನೀವೇ ಇಟ್ಟುಕೊಳ್ಳಿ.

ಹಾಗಂತ ದೇಣಿಗೆ ಕೇಳುವ ಧಾಟಿಯೂ ನನಗೆ ಹಿಡಿಸದು. ನಾಳೆಯೇ ಬಾಗಿಲು ಮುಚ್ಚುವವರ ಹಾಗೆ ಬೇಡುತ್ತಾರೆ. ಅವರ ಶಾಶ್ವತ ನಿಧಿ 2021ರಲ್ಲೇ 10 ಕೋಟಿ ಡಾಲರ್ ದಾಟಿದೆ. ಮನಸ್ಸಿದ್ದರೆ ಕೊಡಿ, ಹೆದರಿ ಕೊಡಬೇಡಿ.

ಪ್ರಶ್ನೆ: ನಮ್ಮ ಅಂಗಡಿಗೆ ವಿಕಿಪೀಡಿಯ ಪುಟ ಮಾಡಿಕೊಡುತ್ತೇನೆ ಅಂತ ಏಜೆಂಟ್ ಒಬ್ಬ ಬಂದಿದ್ದಾನೆ. ಅಡ್ವಾನ್ಸ್ ಕೊಡಲೇ?
— ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಕೊಡಬೇಡ್ರೀ! ದುಡ್ಡು ಪಡೆದು ಬರೆಯುವವರು ಅದನ್ನು ಬಹಿರಂಗವಾಗಿ ಹೇಳಲೇಬೇಕೆಂದು 2014ರಿಂದ ನಿಯಮವಿದೆ. ಈ ಏಜೆಂಟರು ಹೇಳುವುದಿಲ್ಲ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂಥ ಒಂದೇ ಜಾಲದ 381 ಖಾತೆಗಳನ್ನು ಮುಚ್ಚಿಸಿದರು. ಪುಟ ಮಾಡಿಕೊಟ್ಟ ಮೇಲೂ, ಅದು ಅಳಿಯದಂತೆ ಕಾಯುತ್ತೇವೆಂದು ಆ ಜಾಲದವರು ವಸೂಲಿ ಮಾಡುತ್ತಿದ್ದರು.

ಪ್ರಶ್ನೆ: ಪರೀಕ್ಷೆಗೆ ವಿಕಿಪೀಡಿಯ ಓದಿದರೆ ಸಾಕೇ?
— ವಿದ್ಯಾರ್ಥಿನಿ, ಗದಗ

ಉತ್ತರ: ಸಾಲದು.

ಪ್ರಶ್ನೆ: ಒಂದು ಆಪ್‌ನಲ್ಲಿ ವಿಕಿಪೀಡಿಯ ಲೇಖನದ ನಡುವೆ ಜಾಹೀರಾತು ಬರುತ್ತದೆ. ಇದು ಕಳ್ಳತನ ಅಲ್ವಾ?
— ಓದುಗರು, ಹಾವೇರಿ

ಉತ್ತರ: ಅಲ್ಲ. ವ್ಯಾಪಾರಕ್ಕೆ ಬಳಸಲೂ ಪರವಾನಗಿ ಬಿಡುತ್ತದೆ. ಮೂಲ ತಿಳಿಸಬೇಕು, ಅದೇ ಪರವಾನಗಿಯಲ್ಲಿ ಹಂಚಬೇಕು, ಅಷ್ಟೇ. ಆದರೆ ಆ ಜಾಹೀರಾತಿನ ದುಡ್ಡು ಆಪ್ ಮಾಡಿದವರ ಜೇಬಿಗೆ ಹೋಗುತ್ತದೆ. ಅದನ್ನು ನೋಡಿ ವಿಕಿಪೀಡಿಯದವರೂ ಜಾಹೀರಾತು ಶುರು ಮಾಡಿದ್ದಾರೆ ಅಂತ ನನಗೆ ಫೋನ್ ಮಾಡಬೇಡಿ.