ದಂಡಕ್ಕೂ ಫೈನ್, ಸೂಜಿಗೂ ಫೈನ್!

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧ ‘ಫೈನ್’ ಬಗ್ಗೆಯೇ. ಹೋದ ಸಲವೂ ಅಷ್ಟೇ. ಒಂದ್ಸಲ ಬರೆದು ಕೈ ತೊಳೆದುಕೊಳ್ಳುತ್ತೇನೆ. ಫೈನ್ ಅಂದರೆ ‘ಚೆನ್ನಾಗಿದೆ’ ಅನ್ನುವುದು ಎಲ್ಲರಿಗೂ ಗೊತ್ತು. ಅದನ್ನು ಮತ್ತೆ ಹೇಳಲ್ಲ.

ಪ್ರಶ್ನೆ: ತಾಯಿಯ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿದೆ. ಡಾಕ್ಟರು ‘ಫೈನ್ ನೀಡಲ್’ ಟೆಸ್ಟ್ ಬರೆದರು. ಅದೇ ದಿನ ಹೆಲ್ಮೆಟ್ ಇಲ್ಲ ಅಂತ ನನಗೆ ಫೈನ್ ಬಿತ್ತು. ಮನೆಗೆ ಬಂದರೆ ಮಗಳು ‘ಫೈನ್ ಆರ್ಟ್ಸ್ ಸೇರ್ತೀನಿ’ ಅಂತಾಳೆ. ಒಂದೇ ಪದಕ್ಕೆ ಇಷ್ಟೊಂದು ಅರ್ಥ ಯಾಕೆ ಸರ್? ಎಲ್ಲ ಅರ್ಥಗಳ ಪಟ್ಟಿ ಕೊಡುತ್ತೀರಾ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಪಟ್ಟಿ ಕೊಡಲ್ಲ. ‘ಒಂದು ಪದ, ಇಪ್ಪತ್ತು ಅರ್ಥ’ ಅಂತ ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಪುಸ್ತಕಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಇಪ್ಪತ್ತೂ ಬಾಯಿಪಾಠ ಮಾಡಿದ ಹುಡುಗ ಇಪ್ಪತ್ತರಲ್ಲಿ ಯಾವುದು ಅಂತ ತಿಳಿಯದೆ ನಿಂತುಬಿಡುತ್ತಾನೆ. ಪದವನ್ನು ನೋಡಬೇಡಿ, ಅದರ ಪಕ್ಕದಲ್ಲಿ ಕೂತಿರುವುದನ್ನು ನೋಡಿ.

ಮೊದಲು ತಾಯಿಯವರ ವಿಷಯ. ಫೈನ್ ನೀಡಲ್ ಅಂದರೆ ‘ಒಳ್ಳೆಯ ಸೂಜಿ’ ಅಲ್ಲ, ತೆಳ್ಳನೆ ಸೂಜಿ. ಸಾಮಾನ್ಯವಾಗಿ 22ರಿಂದ 25 ಗೇಜಿನದು. ಗೇಜ್ ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಣ್ಣ. ಹೆಚ್ಚುಕಮ್ಮಿ ರಕ್ತ ತೆಗೆಯುವ ಸೂಜಿಯಷ್ಟೇ, ಇಲ್ಲ ಅದಕ್ಕಿಂತ ಸಣ್ಣದು. ಗಂಟಿನಿಂದ ಒಂದಿಷ್ಟು ಜೀವಕೋಶ ಎಳೆದು ಗಾಜಿನ ಮೇಲೆ ಸವರಿ ನೋಡುತ್ತಾರೆ. ಇದಕ್ಕಿಂತ ಹೆಚ್ಚು ಹೇಳಲಾರೆ, ನಾನು ಇಂಗ್ಲಿಷ್ ಮೇಷ್ಟ್ರು. ಆದರೆ ಒಂದು ಮಾತು. ‘ಗಂಟಿಗೆ ಸೂಜಿ ಚುಚ್ಚಿದರೆ ಹರಡುತ್ತೆ, ಲೇಪ ಹಚ್ಚಿ’ ಅನ್ನುವವರು ಯಾವ ಊರಲ್ಲಾದರೂ ಇರುತ್ತಾರೆ. ಅವರ ಮನೆ ಕಡೆ ಹೋಗಬೇಡಿ. ಟೆಸ್ಟ್ ಮಾಡಿಸಿ.

ಈ ‘ತೆಳ್ಳನೆ’ ಅರ್ಥ ನಮ್ಮೂರಿಗೆ ಹೊಸದಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ನಮ್ಮಪ್ಪ ಹತ್ತಿ ಮಿಲ್ಲಿಗೆ ಹೋಗುತ್ತಿದ್ದರು. ಇಂಗ್ಲಿಷ್ ಎ ಬಿ ಸಿ ಗೊತ್ತಿರಲಿಲ್ಲ. ಆದರೆ ‘ಫೈನ್ ಕೌಂಟ್’ ಗೊತ್ತಿತ್ತು. ನೂಲಿನ ಎಳೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹೊಸೆದು, ಕಣ್ಣು ಮುಚ್ಚಿ, ‘ಇದು ಅರವತ್ತರದ್ದು’ ಅನ್ನುತ್ತಿದ್ದರು. ಲೆಕ್ಕ ಇಷ್ಟೇ: ಒಂದು ಪೌಂಡ್ ನೂಲಿನಲ್ಲಿ 840 ಗಜದ ಲಡಿ ಎಷ್ಟು ಬರುತ್ತವೋ ಅದೇ ಕೌಂಟು. 20 ಲಡಿ ಬಂದರೆ ದಪ್ಪ ನೂಲು, 60 ಬಂದರೆ ನಯವಾದ ನೂಲು. ಸೂಜಿಯ ಗೇಜಿನ ಹಾಗೆ ಇಲ್ಲೂ ನಂಬರ್ ಏರಿದಷ್ಟೂ ವಸ್ತು ಸಣ್ಣ. ನೂಲು ಸಣ್ಣ ಆದಷ್ಟೂ ಬಟ್ಟೆಗೆ ರೇಟು ಜಾಸ್ತಿ. ತೆಳುವಾದದ್ದೇ ಮೇಲ್ಮಟ್ಟದ್ದು ಅನ್ನುವುದು ಅಪ್ಪನಿಗೆ ಬೆರಳಿನಲ್ಲೇ ಗೊತ್ತಿತ್ತು. ನಮ್ಮ ‘ನಯ’ವೂ ಹಾಗೇ ಅಲ್ವಾ? ನಯವಾದ ಹಿಟ್ಟು ಅಂತೀವಿ, ನಯವಾದ ಮಾತು ಅಂತಲೂ ಅಂತೀವಿ.

ಇನ್ನು ಹೆಲ್ಮೆಟ್ಟಿನ ಫೈನು. ‘ಅದು ಬೇರೆ ಪದ, ಸ್ಪೆಲ್ಲಿಂಗ್ ಒಂದೇ ಅಷ್ಟೆ’ ಅಂತ ಕೆಲವರು ರೀಲ್ಸ್‌ನಲ್ಲಿ ಒದರುತ್ತಾರೆ. ತಪ್ಪು. ಎರಡರ ಬೇರೂ ಒಂದೇ, ಲ್ಯಾಟಿನ್ನಿನ ‘ಫಿನಿಸ್’. ಅರ್ಥ ‘ಕೊನೆ’. ಕೊನೆ ಮುಟ್ಟಿಸಿದ ಕೆಲಸ, ಅಂದರೆ ತಿದ್ದಿ ತೀಡಿ ಮುಗಿಸಿದ್ದು, ಒಳ್ಳೆಯದಾಯಿತು, ನಯವಾಯಿತು. ದುಡ್ಡು ಕಟ್ಟಿ ವ್ಯಾಜ್ಯಕ್ಕೆ ಕೊನೆ ಹಾಡಿದರೆ ಆ ದುಡ್ಡು ಫೈನಾಯಿತು. ಫಿನಿಶ್, ಫೈನಲ್, ಫೈನಾನ್ಸ್ ಎಲ್ಲ ಇದೇ ಮನೆತನ. ಇಂಗ್ಲಿಷರದ್ದು ವಿಚಿತ್ರ ಬುದ್ಧಿ ಅಂತ ನಗಬೇಡಿ. ನಮ್ಮ ‘ತೀರು’ ನೋಡಿ. ಕೆಲಸ ತೀರುತ್ತದೆ. ಸಾಲ ತೀರಿಸುತ್ತೇವೆ. ಜಗಳಕ್ಕೆ ತೀರ್ಪು ಕೊಡುತ್ತಾರೆ. ಸರಕಿನ ಸುಂಕಕ್ಕೆ ಹಿಂದೆ ತೀರುವೆ ಅನ್ನುತ್ತಿದ್ದರು. ಅಜ್ಜ ತೀರಿಕೊಂಡರು ಅಂತಲೂ ಹೇಳುತ್ತೇವೆ. ಇದಕ್ಕೆ ಯಾರಾದರೂ ಪಟ್ಟಿ ಬಾಯಿಪಾಠ ಮಾಡಿದ್ದೀರಾ?

ಮಗಳ ಫೈನ್ ಆರ್ಟ್ಸ್‌ನಲ್ಲಿ ಈ ನಯವೇ ಚೆಲುವಿನ ಕಡೆ ತಿರುಗಿದೆ. ಬಳಕೆಗಿಂತ ಚೆಲುವಿಗೆ ಮಾಡುವ ಕಲೆ, ಕನ್ನಡದಲ್ಲಿ ಲಲಿತಕಲೆ. ಊರಲ್ಲೇ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಸೇರಲಿ ಬಿಡಿ.

ನೀವು ಕೇಳದ ಒಂದು ಅರ್ಥ ಉಳಿಯಿತು. ಅದು ನನಗೆ ಪಾಠ ಕಲಿಸಿದ್ದು. ಕೆಲಸಕ್ಕೆ ಸೇರಿದ ಹೊಸತು. ಇಂಗ್ಲೆಂಡಿನಿಂದ ಬಂದಿದ್ದ ಅತಿಥಿಯೊಬ್ಬರನ್ನು ಬೆಣ್ಣೆ ದೋಸೆಗೆ ಕರೆದುಕೊಂಡು ಹೋದೆ. ಒಂದು ತಿಂದರು. ‘ಇನ್ನೊಂದು?’ ಅಂದೆ. ‘ಐ ಆಮ್ ಫೈನ್’ ಅಂದರು. ಖುಷಿಯಾಗಿದ್ದಾರೆ ಅಂದುಕೊಂಡು ಇನ್ನೊಂದು ಹೇಳಿದೆ. ಪಾಪ, ತಿಂದರು. ಮೇಲೆ ಬೆಣ್ಣೆ ಮುದ್ದೆ ಕರಗುತ್ತಿತ್ತು, ಅವರ ಹಣೆಯಲ್ಲಿ ಬೆವರು. ‘ಮತ್ತೊಂದು?’ ‘ನೋ ನೋ, ಐ ಆಮ್ ಫೈನ್!’ ಮೂರನೆಯದೂ ಬಂತು. ರಾತ್ರಿ ಊಟಕ್ಕೆ ಅವರು ರೂಮಿನಿಂದ ಹೊರಗೇ ಬರಲಿಲ್ಲ. ಏನಾದರೂ ಕೊಡಲು ಹೋದಾಗ ‘ಐ ಆಮ್ ಫೈನ್’ ಅಂದರೆ ‘ಬೇಡ, ಸಾಕು’ ಅಂತ. ನಮ್ಮವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರಲ್ಲ, ಅದೇ. ಇಂಗ್ಲಿಷ್ ಎಂ.ಎ. ಮಾಡಿದ್ದ ನನಗೆ ಇದು ಗೊತ್ತಿರಲಿಲ್ಲ. ಯಾವ ಪಟ್ಟಿಯಲ್ಲೂ ಇರಲಿಲ್ಲ.

ಪ್ರಶ್ನೆ: ಇಂಗ್ಲಿಷ್ ಪೇಪರಿನಲ್ಲಿ ‘ಫೈನ್ ವೆದರ್’ ಅಂದರೆ ಮಳೆ ಬರುತ್ತೆ ಅಂತಲಾ? – ಹಿರಿಯೂರು

ಉತ್ತರ: ಬರಲ್ಲ ಅಂತ. ಬಿಸಿಲಿಗೆ ಹಪಹಪಿಸುವ ದೇಶದಲ್ಲಿ ಮಳೆ ಇಲ್ಲದ ದಿನವೇ ಫೈನ್. ನಿಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ! ಆ ಮಳೆಯನ್ನು ಚಿತ್ರದುರ್ಗ ಜಿಲ್ಲೆಯ ಯಾವ ರೈತನೂ ‘ಫೈನ್ ಅಲ್ಲ’ ಅನ್ನಲಾರ.

ಪ್ರಶ್ನೆ: ‘ಐ ಆಮ್ ಫೈನ್ ಅನ್ನುವುದು ಹಳ್ಳಿ ಇಂಗ್ಲಿಷ್, ಫಾರಿನ್‌ನವರು ಅನ್ನಲ್ಲ’ ಅಂತ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಹೇಳಿದರು. ಹೌದಾ? – ಹರಿಹರ

ಉತ್ತರ: ಸುಳ್ಳು. ದಿನಾ ಅನ್ನುತ್ತಾರೆ. ಫೀಸು ವಾಪಸ್ ಕೇಳಿ.

ಪ್ರಶ್ನೆ: ‘ವೆರಿ ಫೈನ್’ ಅನ್ನಬಹುದಾ? – ಚಳ್ಳಕೆರೆ

ಉತ್ತರ: ಮರಳಿಗೆ, ರವೆಗೆ, ಚಿತ್ರಕ್ಕೆ ಅನ್ನಿ. ‘ಹೇಗಿದ್ದೀರಿ’ ಅಂದವರಿಗೆ ಬರೀ ‘ಫೈನ್’ ಸಾಕು.

ಪ್ರಶ್ನೆ: ಲೋನ್ ಕಾಗದದಲ್ಲಿ ‘ಫೈನ್ ಪ್ರಿಂಟ್’ ಓದಿ ಅಂದರು. ಪ್ರಿಂಟು ಫೈನ್ ಆಗಿಲ್ಲ, ಕಣ್ಣಿಗೇ ಕಾಣಲ್ಲ. – ಜಗಳೂರು

ಉತ್ತರ: ಕಾಣದಷ್ಟು ಸಣ್ಣ ಅಕ್ಷರಕ್ಕೇ ಆ ಹೆಸರು. ಬೇಕಾದ ಷರತ್ತೆಲ್ಲ ಅಲ್ಲೇ ಇರುತ್ತದೆ. ಕನ್ನಡಕ ಹಾಕಿಕೊಂಡು, ಸಹಿ ಹಾಕುವ ಮೊದಲು ಓದಿ. ಏಜೆಂಟ್ ಅವಸರ ಮಾಡಿದರೆ ಎದ್ದು ಬನ್ನಿ. ನಾನು ಎದ್ದು ಬಂದಿದ್ದೇನೆ.

ಪ್ರಶ್ನೆ: ‘ಫೈನ್ ಫಾರ್ ಪಾರ್ಕಿಂಗ್’ ಅಂತ ಬೋರ್ಡ್ ಇತ್ತು. ಪರವಾಗಿಲ್ಲ ಅಂದುಕೊಂಡು ಬೈಕ್ ನಿಲ್ಲಿಸಿದೆ, ದಂಡ ಹಾಕಿದರು. – ಹೊಳಲ್ಕೆರೆ

ಉತ್ತರ: ಇದು ನಾನು ಕಾಲೇಜಿನಲ್ಲಿದ್ದಾಗಿನ ಜೋಕು. ನಿಜವಾಗಲೂ ಆಗಿದ್ದರೆ ರಸೀದಿ ಕಳಿಸಿ.