ಓದುಗರ ಪ್ರಶ್ನೆ, ತಜ್ಞರ ಉತ್ತರ: ಮರಡಿಯ ಸಸಿಗೆ ಎಷ್ಟು ನೀರು?

ಪ್ರಶ್ನೆ: ಎರಡು ಎಕರೆ ಕೆಂಪು ಗರಸು ಮರಡಿಯಲ್ಲಿ ಕಳೆದ ಮಳೆಗಾಲ ಹೊಂಗೆ, ಬೇವು, ಕಮರ ಸೇರಿ 300 ಸಸಿ ನೆಟ್ಟಿದ್ದೇನೆ. ವಾರಕ್ಕೆರಡು ಸಲ ಟ್ಯಾಂಕರಿನಿಂದ ತಲಾ 2 ಲೀಟರ್ ಹಾಕಿದರೂ ಮಾರ್ಚ್ ಬಂದಂತೆ ಒಣಗುತ್ತಿವೆ. — ಕೂಡ್ಲಿಗಿಯ ಓದುಗರು

ಉತ್ತರ: ನೀರು ಕಡಿಮೆಯಾಗಿಲ್ಲ, ಕೊಡುವ ಕ್ರಮ ತಪ್ಪಿದೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿಗೆ 2 ಲೀಟರ್ ಹಾಕಿದರೆ ಮೇಲಿನ ಮೂರು-ನಾಲ್ಕು ಇಂಚು ಮಾತ್ರ ನೆನೆಯುತ್ತದೆ. ಅದರಲ್ಲಿ ಬಹುಪಾಲು ಬಿಸಿಲಿಗೆ, ಉಳಿದದ್ದು ಹುಲ್ಲಿಗೆ. ಬೇರೂ ತೇವ ಸಿಗುವ ಮೇಲ್ಪದರದಲ್ಲೇ ಹರಡಿಕೊಂಡು ಏಪ್ರಿಲ್ ಕಾವಿಗೆ ಸುಡುತ್ತದೆ. ಆ ಗುಣಿಯಲ್ಲಿರುವುದು ಸುಮಾರು 90 ಲೀಟರ್ ಮಣ್ಣು. ಗಿಡ ಹೀರಬಲ್ಲ ನೀರನ್ನು ಕೆಂಪು ಮರಳುಮಣ್ಣು ಹಿಡಿಯುವುದು ಅದರ ಹತ್ತನೇ ಒಂದರಷ್ಟು. ಹಾಗಾಗಿ ಒಮ್ಮೆಗೆ 10 ಲೀಟರ್, 15 ದಿನಕ್ಕೊಮ್ಮೆ, ಸಂಜೆ ಹೊತ್ತು ಕೊಡಿ. ಈಗಲೂ ಹದಿನೈದು ದಿನಕ್ಕೆ ಎಂಟೊಂಬತ್ತು ಲೀಟರ್ ಹೋಗುತ್ತಲೇ ಇದೆ. ಟ್ಯಾಂಕರ್ ಖರ್ಚು ಹೆಚ್ಚೇನೂ ಏರದು.

ಬುಡದ ಪಕ್ಕ ಎರಡಿಂಚಿನ ಪಿವಿಸಿ ಪೈಪಿನ ಒಂದಡಿ ತುಂಡನ್ನು ಓರೆಯಾಗಿ ಹೂತು ಅದರೊಳಗೆ ಸುರಿದರೆ ಇನ್ನೂ ಒಳ್ಳೆಯದು. ಬಾಯಿಗೆ ಕಲ್ಲು ಮುಚ್ಚದಿದ್ದರೆ ಮಣ್ಣು ತುಂಬಿ ಕೂರುತ್ತದೆ. ಸುತ್ತ ಒಂದು ಮೀಟರ್ ಅಗಲಕ್ಕೆ ಹುಲ್ಲು ಕಿತ್ತು ಬರಿದಾಗಿಡಿ. ಮೊದಲ ವರ್ಷ ಸಸಿಯ ನೀರು ಕದಿಯುವುದು ಪಕ್ಕದ ಮರಕ್ಕಿಂತ ಹುಲ್ಲೇ. ಹೊದಿಕೆಗೆ ಒಣಹುಲ್ಲು ಹಾಸಿದರೆ ಕೆಂಪು ನೆಲದಲ್ಲಿ ಗೆದ್ದಲನ್ನು ಕರೆದಂತೆ. ನಿಮ್ಮಲ್ಲಿ ಚಪ್ಪಟೆ ಕಲ್ಲಿಗೇನು ಬರವೇ? ಕಾಂಡದಿಂದ ಮೂರಿಂಚು ಬಿಟ್ಟು ಅದನ್ನೇ ಹಾಸಿ.

ಮಧ್ಯಾಹ್ನ ಎಲೆ ಜೋತರೆ ಗಾಬರಿ ಬೇಡ. ಬೆಳಗಿನ ಜಾವವೂ ಜೋತೇ ಇದ್ದರೆ ನೀರು ಬೇಕೆಂದರ್ಥ. ಎಲೆ ಉದುರಿದ ಕಮರವನ್ನು ಕಿತ್ತೆಸೆಯಬೇಡಿ. ಬುಡದ ತೊಗಟೆ ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಮಳೆಗೆ ಚಿಗುರುತ್ತದೆ. ಎಳೆಯ ಕಮರ ಮೇಲೆ ಒಣಗಿ ಬೇರಿನಿಂದ ಮತ್ತೆ ಏಳುವುದು ವರ್ಷಗಟ್ಟಲೆ ನಡೆಯುತ್ತದೆ.

ಪ್ರಶ್ನೆ: ಐದಡಿ ಎತ್ತರದ ಸಸಿ ತಂದರೆ ಬೇಗ ನಾಟುತ್ತದೆಯೇ? — ಹೊಸದುರ್ಗದ ಓದುಗರು

ಉತ್ತರ: ಒಣಭೂಮಿಯಲ್ಲಿ ಹೆಚ್ಚಾಗಿ ಉಲ್ಟಾ. 5×8 ಇಂಚಿನ ಪಾಕೆಟ್ಟಿನಲ್ಲಿ ಲೀಟರಿನಷ್ಟು ಮಣ್ಣಿರುತ್ತದೆ, ಅದರಲ್ಲಿ ಗಿಡಕ್ಕೆ ದಕ್ಕುವ ನೀರು ಒಂದು ಲೋಟದಷ್ಟೂ ಇಲ್ಲ. ಹೊಸ ಬೇರು ಹೊರಗಿನ ಮಣ್ಣಿಗೆ ಇಳಿಯುವವರೆಗೆ ಅದೇ ಗತಿ. ಎಲೆ ತುಂಬಿದ ಐದಡಿ ಗಿಡ ಬಿಸಿಲು ಬಿದ್ದರೆ ಅದನ್ನು ಬೇಗ ಖಾಲಿ ಮಾಡುತ್ತದೆ. ಒಂದೂವರೆ ಅಡಿ ಎತ್ತರದ, ಪೆನ್ಸಿಲ್ ದಪ್ಪ ಕಾಂಡದ ಸಸಿ ಆರಿಸಿ. ನೆಡುವ ಮೂರು ವಾರ ಮೊದಲೇ ನೆರಳಿನಿಂದ ಹೊರಗಿಟ್ಟು ನೀರು ಕಡಿಮೆ ಮಾಡಲು ನರ್ಸರಿಯವರಿಗೆ ಹೇಳಿ. ನೆಡುವಾಗ ಪಾಕೆಟ್ ಪೂರ್ತಿ ತೆಗೆದು, ತಳದಲ್ಲಿ ಸುರುಳಿ ಸುತ್ತಿದ ಬೇರು ಕತ್ತರಿಸಿ, ಸುತ್ತಲಿನ ಮಣ್ಣು ಕಾಲಿನಿಂದ ಒತ್ತಿ. ಸಂದು ಉಳಿದರೆ ಬೇರು ಅಲ್ಲೇ ನಿಲ್ಲುತ್ತದೆ. ಗುಣಿ ತಳದವರೆಗೂ ನೆನೆಯುವ ಹದ ಮಳೆ ಬೀಳದೆ ನೆಡಬೇಡಿ.

ಪ್ರಶ್ನೆ: ಎಕರೆಗೆ ನೂರೈವತ್ತು ಮರ ಬೆಳೆದರೆ ಬೋರ್‌ವೆಲ್ ಬತ್ತುವುದೇ? — ಶಿರಾದ ಓದುಗರು

ಉತ್ತರ: ನೀಲಗಿರಿಯಾದರೆ ಆತಂಕಕ್ಕೆ ಕಾರಣವಿದೆ. 2017ರಲ್ಲಿ ರಾಜ್ಯ ಸರ್ಕಾರ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಎಕರೆಗೆ ನೂರೈವತ್ತರಷ್ಟು ಹೊಂಗೆ, ಬೇವೂ ದೊಡ್ಡದಾದ ಮೇಲೆ ನೀರು ಕುಡಿಯುತ್ತವೆ, ನಿಜ. ಅದಕ್ಕೆ ಪ್ರತಿ ಗಿಡದ ಇಳಿಜಾರಿನ ಕಡೆ ಅರ್ಧಚಂದ್ರ ಬದು ಹಾಕಿ: 4 ಚದರ ಮೀಟರ್ ನೆಲದ ಮೇಲೆ 20 ಮಿ.ಮೀ. ಮಳೆಯೆಂದರೆ 80 ಲೀಟರ್. ಅದರಲ್ಲಿ ಅರ್ಧ ಹರಿದು ಬಂದರೂ ನಾಲ್ಕು ಸಲದ ಟ್ಯಾಂಕರ್ ನೀರು ಉಳಿಯಿತು.