ಹಳೇ ಕಾರಿನಲ್ಲಿ ಎಂಜಿನ್ ಆಯಿಲ್ ಸೋರಿಕೆ: ಎಂಜಿನ್ ಇಳಿಸಲೇಬೇಕಾ?

ನಿಮ್ಮ ಪ್ರಶ್ನೆ ಓದಿದೆ. ತಂದೆಯವರ ಕಾಲದ ಕಾರು, ನಿಲ್ಲಿಸಿದಲ್ಲೆಲ್ಲ ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದ ಕೆಳಗೆ ಆಯಿಲ್ ಹನಿ. ಮೆಕ್ಯಾನಿಕ್ ಬಗ್ಗಿ ನೋಡಿದವರೇ "ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಹೋಗಿದೆ, ಎಂಜಿನ್ ಇಳಿಸಬೇಕು" ಅಂದಿದ್ದಾರೆ. ಕ್ರ್ಯಾಂಕ್ ಅಂದರೆ ಪಿಸ್ಟನ್‌ಗಳು ತಿರುಗಿಸುವ ಎಂಜಿನ್‌ನ ಮುಖ್ಯ ದಂಡ, ಅದರ ಹಿಂತುದಿಯಲ್ಲಿ ಆಯಿಲ್ ಹೊರಬರದ ಹಾಗೆ ತಡೆಯುವುದು ಈ ಸೀಲ್. ದಯವಿಟ್ಟು ಈಗಲೇ ಒಪ್ಪಬೇಡಿ.

ನನಗೂ ಇದೇ ಮಾತು ಹೇಳಿದ್ದರು, ನಾನು ಒಪ್ಪಿಬಿಟ್ಟೆ. ಗೇರ್‌ಬಾಕ್ಸ್ ಇಳಿಸಿ, ಸೀಲ್ ಬದಲಾಯಿಸಿ, ಎಲ್ಲ ಜೋಡಿಸಿದ್ದಾಯಿತು. ಮಾರನೇ ದಿನ ಅದೇ ಜಾಗದಲ್ಲಿ ಅದೇ ಹನಿ. ಸೋರುತ್ತಿದ್ದದ್ದು ಟ್ಯಾಪೆಟ್ ಕವರ್‌ನ, ಅಂದರೆ ಎಂಜಿನ್ ತಲೆಯ ಮೇಲಿನ ಮುಚ್ಚಳದ, ಹಿಂದಿನ ಮೂಲೆಯಿಂದ. ಅಲ್ಲಿನ ಕಾರ್ಕ್ ಪ್ಯಾಕಿಂಗ್ ಒಣಗಿ ಬಿರುಕು ಬಿಟ್ಟಿತ್ತು. ಆಯಿಲ್ಲು ಎಂಜಿನ್ ಬ್ಲಾಕ್‌ನ ಬೆನ್ನಿಗೆ ಅಂಟಿಕೊಂಡೇ ಇಳಿದು, ಬೆಲ್ ಹೌಸಿಂಗ್ (ಎಂಜಿನ್ನೂ ಗೇರ್‌ಬಾಕ್ಸೂ ಸೇರುವಲ್ಲಿ ಕ್ಲಚ್ ಸುತ್ತಲಿನ ಗೂಡು) ಸುತ್ತಿ ಬಂದು ತಳದಲ್ಲಿ ತೊಟ್ಟಿಕ್ಕುತ್ತಿತ್ತು. ಆಯಿಲ್ ಕೆಳಕ್ಕೆ ಹರಿಯುತ್ತೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತೆ. ಮೇಲೆ, ಮುಂದೆ ಎಲ್ಲೇ ಸೋರಿದರೂ ಹನಿ ಕಾಣುವುದು ಕೆಳಗೆ, ಹಿಂದೆ. ಅದಕ್ಕೇ ಹುಡುಕುವುದನ್ನು ಮೇಲಿನಿಂದ ಶುರು ಮಾಡಬೇಕು.

ಮೊದಲು ರಾತ್ರಿಯಿಡೀ ಕಾರಿನಡಿ ಒಂದು ರಟ್ಟು ಹಾಸಿಡಿ. ಬಿದ್ದದ್ದು ಎಂಜಿನ್ ಆಯಿಲ್ಲೇ ಹೌದಾ ನೋಡಿ. ಗೇರ್ ಆಯಿಲ್ ಆದರೆ ಸಾಮಾನ್ಯವಾಗಿ ಗಂಧಕದಂಥ ಗಾಟು ವಾಸನೆ ಇರುತ್ತೆ. ಆದರೆ ಕೆಲವು ಹಳೇ ಕಾರುಗಳಲ್ಲಿ ಗೇರ್‌ಬಾಕ್ಸ್‌ಗೂ ಎಂಜಿನ್ ಆಯಿಲ್ಲನ್ನೇ ಹಾಕುತ್ತಾರೆ. ಅಂಥ ಕಡೆ ವಾಸನೆ ನಂಬುವ ಹಾಗಿಲ್ಲ, ಎರಡರ ಮಟ್ಟವನ್ನೂ ನೋಡಬೇಕು.

ಆಮೇಲೆ ಎಂಜಿನ್ ತೊಳೆಯಿರಿ. ಇದು ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಬರೀ ಊಹೆ. ವರ್ಷಗಟ್ಟಲೆ ಕೂತ ಜಿಡ್ಡಿನಲ್ಲಿ ಹೊಸ ಆಯಿಲ್ ಗುರುತೇ ಸಿಗಲ್ಲ. ಎಂಜಿನ್ ತಣ್ಣಗಿರುವಾಗ ಡಿಗ್ರೀಸರ್ (ಜಿಡ್ಡು ಬಿಡಿಸುವ ದ್ರಾವಣ) ಹಚ್ಚಿ ಬ್ರಶ್‌ನಲ್ಲಿ ಉಜ್ಜಿ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ), ಡೈನಮೊ, ಕಾರ್ಬುರೇಟರ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಜೋರು ಪ್ರೆಶರ್‌ನ ನೀರು ಬೇಡ. ಪೂರ್ತಿ ಒಣಗಿದ ಮೇಲೆ ಅನುಮಾನ ಇರುವ ಕಡೆಯೆಲ್ಲ ಟಾಲ್ಕಮ್ ಪೌಡರ್ ತೆಳುವಾಗಿ ಉದುರಿಸಿ.

ಈಗ ಎಂಜಿನ್ ಸ್ಟಾರ್ಟ್ ಮಾಡಿ 10–15 ನಿಮಿಷ ಬಿಡಿ. ಟಾರ್ಚ್, ಸಣ್ಣ ಕನ್ನಡಿ ಹಿಡಿದು ನೋಡಿ. ಫ್ಯಾನ್, ಬೆಲ್ಟ್ ಹತ್ತಿರ ಕೈ ಬೇಡ. ಏನೂ ಕಾಣದಿದ್ದರೆ ಹತ್ತು ಕಿಲೋಮೀಟರ್ ಓಡಿಸಿಕೊಂಡು ಬಂದು ಮತ್ತೆ ನೋಡಿ. ಕೆಲವು ಸೋರಿಕೆ ಬಿಸಿಯಾದ ಮೇಲೇ ಶುರುವಾಗುತ್ತೆ. ಬಿಳಿ ಪೌಡರ್ ಮೇಲೆ ಕಪ್ಪು ಗೆರೆ ಮೂಡಿದರೆ ಆ ಗೆರೆಯ ಮೇಲ್ತುದಿ ಹುಡುಕಿ. ಕಣ್ಣಿಗೆ ಬೀಳದ ಮೂಲೆ ಆದರೆ ಆಯಿಲ್‌ಗೆ ಯುವಿ ಡೈ ಬೆರೆಸಿ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಸೋರಿದ ದಾರಿ ಹೊಳೆಯುತ್ತೆ.

ಟ್ಯಾಪೆಟ್ ಕವರ್ ಆದ ಮೇಲೆ ನಾನು ನೋಡುವುದು ಆಯಿಲ್ ಪ್ರೆಶರ್ ಸ್ವಿಚ್, ಡಿಸ್ಟ್ರಿಬ್ಯೂಟರ್ ಬುಡ, ಎಂಜಿನ್‌ಗೆ ಕೂತ ಪೆಟ್ರೋಲ್ ಪಂಪ್‌ನ ಪ್ಯಾಕಿಂಗ್. ಆಯಿಲ್ ಫಿಲ್ಟರ್ ಡಬ್ಬಿಯೊಳಗೆ ಕೂರುವ ನಮೂನೆಯದಾದರೆ ಹಳೇ ರಬ್ಬರ್ ರಿಂಗ್ ತೆಗೆಯದೆ ಅದರ ಮೇಲೇ ಹೊಸದು ಕೂರಿಸಿರಬಹುದು. ಇದು ತುಂಬಾ ಆಗುವ ತಪ್ಪು. ಇನ್ನೊಂದು ಮಾತು, ಸೋರುತ್ತಿದೆ ಅಂತ ಬೋಲ್ಟ್ ಜಾಸ್ತಿ ಬಿಗಿಯಬೇಡಿ. ತಗಡಿನ ಕವರ್ ಬೋಲ್ಟ್ ತೂತಿನ ಹತ್ತಿರ ಬಗ್ಗಿ, ನಡುವೆ ಎದ್ದುಕೊಳ್ಳುತ್ತೆ. ಕವರ್ ಸಮ ಮಾಡದೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ನಿಲ್ಲಲ್ಲ.

ಎಲ್ಲರೂ ಮರೆಯುವುದು ಬ್ರೀದರ್. ಪಿಸ್ಟನ್ ಪಕ್ಕದಿಂದ ಒಂದಿಷ್ಟು ಗ್ಯಾಸ್ ಯಾವಾಗಲೂ ಕೆಳಗೆ ನುಗ್ಗುತ್ತೆ. ಅದು ಹೊರಹೋಗುವ ದಾರಿ ಬ್ರೀದರ್. ಆ ಪೈಪ್ ಜಿಡ್ಡಿನಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಆಯಿಲ್ ಎಲ್ಲಿ ಸಂದು ಸಿಕ್ಕರೆ ಅಲ್ಲಿಂದ ಹೊರಗೆ ಬರುತ್ತೆ. ಹೊಸ ಸೀಲ್ ಹಾಕಿದರೂ ಅಷ್ಟೇ. ಪೈಪ್ ಬಿಚ್ಚಿ ಊದಿ ನೋಡಿ, ತೊಳೆದು ಹಾಕಿ. ಆಮೇಲೂ ಆಯಿಲ್ ತುಂಬುವ ಬಾಯಿಯಿಂದ ಹೊಗೆ ಬುಸುಗುಟ್ಟಿದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಕಂಪ್ರೆಷನ್ ಪರೀಕ್ಷೆ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಮಾಡಿಸಿ.

ಮೇಲೆಲ್ಲ ಒಣಗಿದ್ದು, ಬೆಲ್ ಹೌಸಿಂಗ್ ಒಳಗಿನಿಂದಲೇ ಆಯಿಲ್ ಬರುತ್ತಿದ್ದರೆ ಆಗ ಮೆಕ್ಯಾನಿಕ್ ಮಾತು ಸರಿ ಇರಬಹುದು. ಆದರೂ ಒಂದು ವಿಷಯ ಕೇಳಿಕೊಳ್ಳಿ. ಹಳೇ ಎಂಜಿನ್ ಕೆಲವದರಲ್ಲಿ ಹಿಂದೆ ರಬ್ಬರ್ ಸೀಲೇ ಇರಲ್ಲ. ಹಗ್ಗದಂಥ ಪ್ಯಾಕಿಂಗ್ ಇರುತ್ತೆ, ಇಲ್ಲವೇ ಕ್ರ್ಯಾಂಕ್ ಮೇಲೆ ಕೊರೆದ ಸುರುಳಿ ತಿರುಗುವಾಗ ಆಯಿಲ್ಲನ್ನು ಒಳಕ್ಕೆ ತಳ್ಳುತ್ತೆ. ಸುರುಳಿ ಇರುವ ಎಂಜಿನ್ ನಿಲ್ಲಿಸಿದ ಮೇಲೆ ಒಂದೆರಡು ಹನಿ ಬೀಳುವುದು ಸಹಜ. ಆಯಿಲ್ ತಾಗಿ ಕ್ಲಚ್ ಜಾರುತ್ತಿಲ್ಲ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಬೇಗ ಇಳಿಯುತ್ತಿಲ್ಲ ಅಂದರೆ ನಾನಾದರೆ ಬಿಚ್ಚಲ್ಲ.

ಬಿಸಿ ಎಕ್ಸಾಸ್ಟ್ ಮೇಲೆ ಆಯಿಲ್ ಬೀಳುತ್ತಿದ್ದರೆ ಮಾತ್ರ ಓಡಿಸಬೇಡಿ. ಬೆಂಕಿ ಹೊತ್ತಿಕೊಳ್ಳಬಹುದು. ಅದನ್ನು ಮೊದಲು ಸರಿ ಮಾಡಿಸಿ. ಹಾಗಿಲ್ಲ ಅಂದರೆ ತೊಳೆದು, ಪೌಡರ್ ಹಾಕಿ ಓಡಿಸಿ, ಗೆರೆ ಎಲ್ಲಿಂದ ಶುರುವಾಗಿದೆ ಅಂತ ಇಲ್ಲಿ ಫೋಟೊ ಹಾಕಿ. ಖಂಡಿತ ನೋಡಿ ಹೇಳುತ್ತೇನೆ.